ತಲೆಯ ಮೇಲಿಟ್ಟ ಆಜ್ಞೆ

ಸಮುದ್ರ ವರ್ಷವರ್ಷವೂ ಅಗಲವಾಗುತ್ತಿತ್ತು. ಸ್ಪೇನಿನ ದೊರೆಯ ಕಾಗದ ಅಮೆರಿಕದ ಈ ಬೆಟ್ಟಸೀಮೆಗೆ ತಲುಪಲು ಈ ಸಲ ಅರವತ್ತು ವರ್ಷ ಹಿಡಿಯಿತು. ಅದನ್ನು ತಂದ ಇನೆಸ್ ಹಡಗಿನಲ್ಲೇ ಹುಟ್ಟಿದವಳು. ಅದನ್ನು ಹಿಡಿದು ಹೊರಟಿದ್ದು ಅವಳ ಅಜ್ಜಿ.

ಗವರ್ನರ್ ಬಾಲ್ತಸಾರ್ ಮೊಹರು ಒಡೆದು ಓದಿದ. ಕಣಿವೆಯ ಜನರನ್ನೆಲ್ಲ ಬೆಳ್ಳಿಗಣಿಗೆ ಅಟ್ಟಬೇಕಂತೆ. ಬರೆಸಿದ ದೊರೆ ಎಂದೋ ಸತ್ತಿರಬೇಕು, ಆಜ್ಞೆಗೆ ಮಾತ್ರ ಮುಪ್ಪಿಲ್ಲ. ಹಡಗು ಬಂದರೆ ಕೇಡೇ ಎಂದು ತಿಳಿದಿದ್ದ ಆ ಜನ ಗಂಟುಮೂಟೆ ಕಟ್ಟಿಕೊಂಡೇ ಅಂಗಳದಲ್ಲಿ ನಿಂತಿದ್ದರು.

ಅವನು ಕಾಗದಕ್ಕೆ ಮುತ್ತಿಟ್ಟು, ಪದ್ಧತಿಯಂತೆ ತಲೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹೇಳಿದ: “ದೊರೆಯ ಆಜ್ಞೆಯನ್ನು ಶಿರಸಾವಹಿಸಿದ್ದೇನೆ. ಆದರೆ ಜಾರಿ ಮಾಡುವುದಿಲ್ಲ. ಕಾರಣ ಬರೆದು ಕಳಿಸುತ್ತೇನೆ.”

ಕಣಿವೆಯ ಹಿರಿಯಳು ಸಿಸಾ ನಂಬಲಿಲ್ಲ. “ಮತ್ತೆ ಆಜ್ಞೆ ಬಂದ್ರೆ, ಸ್ವಾಮಿ?”

“ಬರೋಷ್ಟರಲ್ಲಿ ಈ ಕುರ್ಚೀಲಿ ನಿಮ್ಮ ಮರಿಮೊಮ್ಮಗಳೇ ಕೂತಿರ್ಲಿ, ಅಮ್ಮಾ. ಕಾಗದಾನ ತಲೆ ಮೇಲೆ ಹೇಗಿಡೋದು ಅಂತ ಮನೇಲಿ ಕಲಿಸಿಡಿ.”

ಸಿಸಾ ಗಂಟು ಬಿಚ್ಚಿ ಬಿತ್ತನೆಯ ಆಲೂಗಡ್ಡೆ ತೆಗೆದಳು. ಗಟ್ಟಿ ನೆಲದ ಮೇಲೆ ಇನ್ನೂ ತೂರಾಡುತ್ತಿದ್ದ ಇನೆಸ್‌ಳ ಅಂಗೈಯಲ್ಲಿ ಒಂದನ್ನಿಟ್ಟಳು.

“ಉತ್ತರ ಒಯ್ಯೋಕೆ ಅವಸರ ಏನಿದೆ, ಮಗಳೇ? ಇದು ಬೆಳೀಲಿ, ತಿಂದ್ಕೊಂಡು ಹೊರಡು.”