ಹೊಸ ಡಿಸ್ಕಿನ ಗೃಹಪ್ರವೇಶ

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕಟಕ ಎನ್ನತೊಡಗಿತ್ತು. ನನ್ನ ಆರು ವರ್ಷದ ಪಿಎಚ್‌ಡಿ ಪ್ರಬಂಧಕ್ಕೆ ಬೇರೆ ಪ್ರತಿಯಿರಲಿಲ್ಲ. ರಿಪೇರಿಯ ಯತೀಶ ಮನೆಗೇ ಬಂದು, ವಿಂಡೋಸ್ ಸಮೇತ ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿದ. ಕೊನೆಯ ಫೈಲು ದಾಟುತ್ತಿದ್ದಂತೆ ಹಳೆಯದು ಸತ್ತೇಹೋಯಿತು.

“ಬಚಾವಾದ್ರಿ ಮೇಡಂ. ಇನ್ನು ಇದನ್ನ ಒಳಗೆ ಕೂರಿಸಿದ್ರಾಯ್ತು.”

“ತಡಿಯಪ್ಪಾ,” ಎಂದರು ನನ್ನ ಅತ್ತೆ. “ಅಷ್ಟೂ ಸಾಮಾನು ಹೊಸ ಮನೆಗೆ ಬಂದಿದೆ. ಹಾಲು ಉಕ್ಕಿಸೋದು ಬೇಡ್ವಾ?”

“ಅತ್ತೆ, ಅದು ಮನೆಯಲ್ಲ.”

“ನಿನ್ನ ಆರು ವರ್ಷ ಅದರೊಳಗೇ ತಾನೇ ಇರೋದು? ಆಮೇಲೆ ಏನಾದ್ರೂ ಆದ್ರೆ?”

ನನಗೂ ಭಯವಾಯಿತು, ಒಪ್ಪಿದೆ. ಮೇಜಿನ ಮೇಲೆ ಕರೆಂಟಿನ ಒಲೆ ಬಂತು, ಪಕ್ಕದಲ್ಲಿ ಕುಂಕುಮವಿಟ್ಟ ಡಿಸ್ಕ್. ಹಾಲು ಭರ್ರನೆ ಉಕ್ಕಿ ಅದರ ಮೇಲೇ ಹರಿಯಿತು. ಯತೀಶ ಎತ್ತಿ ಅಲ್ಲಾಡಿಸಿದ. ಒಳಗಿನಿಂದ ಹಾಲು ತೊಟ್ಟಿಕ್ಕಿತು.

ಅತ್ತೆ ಕೈಮುಗಿದರು. “ಪೂರ್ವಕ್ಕೇ ಉಕ್ತು ಕಣೇ. ಇನ್ನು ಹೆದರಬೇಡ.”