ದೇವರಿಗೆ ಕೊಟ್ಟ ದೂರು

"ಮಾಸ್ಟ್ರೆ, ನಿಮ್ಮಲ್ಲಿ ಚೀನಾದ ಕಾನೂನು ಉಂಟಂತಲ್ಲ, ಎಲ್ಲಿಟ್ಟಿದ್ದೀರಿ?"

ಹೆಡ್ ಕಾನ್‌ಸ್ಟೇಬಲ್ ಬೋಜ ಕೇಳುತ್ತಲೇ, ಕಳ್ಳಬಟ್ಟಿ ಹುಡುಕುವವನಂತೆ ಮಂಚದಡಿ ಬಗ್ಗಿ ನೋಡಿದ. ಗಡಿಯಲ್ಲಿ ಚೀನಾದೊಡನೆ ಯುದ್ಧ ಶುರುವಾಗಿ ವಾರವಾಗಿತ್ತು. ಉರ್ವದ ಆ ಮನೆಯಲ್ಲಿ, ಲಾ ಕಾಲೇಜಿನಲ್ಲಿ ಪಾಠ ಹೇಳುವ ಇಸಿದೋರ್ ವರ್ಷಗಳಿಂದ ಅದೇ ದೇಶದ ಕಾನೂನು ಓದುತ್ತಿದ್ದರು. ಯಾಕೆ ಎಂದರೆ ಅವರಿಗೂ ಹೇಳಲು ಬಾರದು. ಒಬ್ಬನಿಗೆ ಇಸ್ಪೀಟಿನ ಹುಚ್ಚು, ಇನ್ನೊಬ್ಬನಿಗೆ ಕೋಳಿಅಂಕದ ಹುಚ್ಚು, ಇವರಿಗೆ ಇದು.

"ಮಂಚದಡಿ ಅಲ್ಲ ಬೋಜಣ್ಣ, ಕಪಾಟಿನಲ್ಲಿ. ಈ ಪುಸ್ತಕಗಳೆಲ್ಲ ಸತ್ತುಹೋದ ರಾಜರ ಕಾಲದವು. ಆ ಎರಡು ಮಾತ್ರ ಈಗಿನವು."

"ಈಗಿನವೂ ಉಂಟಾ!" ಬೋಜನ ಮುಖ ಬಿಗಿಯಿತು. "ಹಾಗಾದ್ರೆ ಎಲ್ಲ ಸ್ಟೇಷನ್ನಿಗೆ ಕೊಂಡುಹೋಗ್ತೇನೆ. ಕಾಲೇಜಿಗೂ ತಿಳಿಸ್ಬೇಕಾಗ್ತದೆ."

"ಹಾವಿನ ಬಗ್ಗೆ ಓದಿದವನು ಹಾವಾಗ್ತಾನಾ ಬೋಜಣ್ಣ?"

"ಅದನ್ನು ಇನ್ಸ್‌ಪೆಕ್ಟರಿಗೆ ಹೇಳಿ."

ಕುಂಬಳಕಾಯಿ ಕದಿಯದವರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲ ಅದು. ಕಾಲೇಜಿಗೆ ತಿಳಿದರೆ ಇಸಿದೋರರ ಕೆಲಸ ಉಳಿಯುವುದು ಅನುಮಾನ.

"ಯಾರು ದೂರು ಕೊಟ್ಟದ್ದು?"

"ದೂರು ಯಾರೂ ಕೊಡ್ಲಿಲ್ಲ ಮಾರಾಯ್ರೆ. ಮಾರ್ಕೆಟಿನಲ್ಲಿ ಮೀನಿನವರಿಗೂ ಗೊತ್ತುಂಟು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎವ್ಲಿನ್ ಸೆರಗು ಹಿಂಡುತ್ತಿದ್ದಳು. "ನಾನೇ ಹೇಳಿದ್ದು," ಎಂದಳು. "ಮೊನ್ನೆ ಗ್ಲ್ಯಾಡಿಸ್‌ನ ಮನೆಯ ತೇರ್ಸಿನಲ್ಲಿ."

ಅಕ್ಟೋಬರ್ ತಿಂಗಳಿಡೀ ನೆರೆಕರೆಯ ಕ್ರೈಸ್ತರು ಸಂಜೆಗೊಂದು ಮನೆಯಲ್ಲಿ ಕೂಡಿ ಜಪಮಾಲೆ ಹೇಳುವುದೇ ತೇರ್ಸ್. ಕೊನೆಗೆ ಒಬ್ಬೊಬ್ಬರೂ ತಮ್ಮ ಬೇಡಿಕೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಉಳಿದವರು ಅದಕ್ಕಾಗಿ ಪ್ರಾರ್ಥಿಸಬೇಕು. ಅಂದು ಒಬ್ಬರು ಮಗಳ ಮದುವೆಗೆ, ಮ್ಯಾಕ್ಸಿಮ್ ತನ್ನ ಮಂಡಿನೋವಿಗೆ ಬೇಡಿಕೊಂಡ ಮೇಲೆ ಎವ್ಲಿನ್, "ನನ್ನ ಗಂಡನನ್ನು ಚೀನಾದಿಂದ ಬಿಡಿಸು ದೇವರೇ" ಎಂದಿದ್ದಳು.

"ನಾನು ದೇವರಿಗೆ ಹೇಳಿದ್ದು." ಅವಳ ಕಣ್ಣು ತುಂಬಿತು. "ಅದು ಸ್ಟೇಷನ್ನಿಗೆ ಮುಟ್ತದೆ ಅಂತ ನನಗೆಂತ ಗೊತ್ತು?"

ಬೋಜನಿಗೂ ಪಾಪ ಎನಿಸಿತು. "ಅಳ್ಬೇಡಿ ಬಾಯಮ್ಮ," ಎಂದವನು ಇಸಿದೋರರತ್ತ ತಿರುಗಿದ. "ಹೆಂಡತಿ ಗಂಡನ ಮೇಲೆ ದೂರು ಹೇಳಿದ್ರೆ ಈ ಪುಸ್ತಕಗಳಲ್ಲಿ ಎಂತ ಉಂಟು ಮಾಸ್ಟ್ರೆ?"

"ಹಳೆ ಚೀನಾದಲ್ಲಿ, ಹೇಳಿದ್ದು ನಿಜವಾದ್ರೂ ಹೆಂಡತಿಗೇ ಶಿಕ್ಷೆ. ಈಗಿನ ಚೀನಾದಲ್ಲಿ ಶಹಬ್ಬಾಸ್ ಅಂತಾರೆ."

"ದೇವರಿಗೆ ಹೇಳಿದ್ರೆ?"

ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇಸಿದೋರರಿಗೆ ಎವ್ಲಿನಳನ್ನು ಬೈಯಬೇಕೋ ಸಮಾಧಾನ ಮಾಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದ ಓದು ಬೇಕಾದ ಹೊತ್ತಿಗೆ ಕೈಕೊಟ್ಟಿತು. ಬೋಜ ಪುಸ್ತಕಗಳನ್ನು ಹಗ್ಗದಲ್ಲಿ ಬಿಗಿದು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ.

ಆ ಸಂಜೆಯ ತೇರ್ಸ್ ಇಸಿದೋರರ ಮನೆಯಲ್ಲೇ. ಖಾಲಿ ಕಪಾಟಿನ ಎದುರು ನೆರೆಕರೆಯವರೆಲ್ಲ ಮೊಣಕಾಲೂರಿ ಜಪ ಮುಗಿಸಿದರು. ಬೇಡಿಕೆಯ ಹೊತ್ತು ಬಂದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಮ್ಯಾಕ್ಸಿಮ್ ಕೂಡ ಮಂಡಿ ನೀವಿಕೊಳ್ಳುತ್ತ ಸುಮ್ಮನಿದ್ದ. ಎವ್ಲಿನಳ ತುಟಿಗಳು ಮಾತ್ರ ಸದ್ದಿಲ್ಲದೆ ಅಲುಗುತ್ತಿದ್ದವು.

ಅವಳು ಏನು ಬೇಡುತ್ತಿದ್ದಾಳೆಂದು ಕೇಳಿಸಿಕೊಳ್ಳಲು ಎಲ್ಲರೂ ಕಿವಿ ಚಾಚಿದರು. ಎಲ್ಲರಿಗಿಂತ ಹೆಚ್ಚು ಬಾಗಿದವರು ಇಸಿದೋರ್.