ಸಕ್ಕರೆಯಿಲ್ಲದ ಪುರಾವೆ

2002ರ ಏಪ್ರಿಲ್‌ನಲ್ಲಿ ನಾಗಪುರದಲ್ಲಿ ಸರ್ಕಾರ ಇತ್ಯರ್ಥ ಮಾಡಬೇಕಾಗಿದ್ದ ಘನವಾದ ವಿಷಯವೆಂದರೆ, ಚಂಪಾ ಮಾಡುವ ಚಹಾಕ್ಕೆ ಯಾರ ಡಬ್ಬಿಯ ಸಕ್ಕರೆ ಬೀಳುತ್ತದೆ ಎಂಬುದು. ವಿಧವೆಯರ ಅನುದಾನ ನಿರ್ಗತಿಕರಿಗೆ ಮಾತ್ರ; ಚಂಪಾ ಇದ್ದದ್ದೋ ಕನ್ನಡದ ಕಡೆಯಿಂದ ಹೋಗಿ ಖಾಪರಖೇಡಾ ವಿದ್ಯುತ್ ಸ್ಥಾವರದ ನೌಕರನಾದ ಭಾವನ ಮನೆಯ ಹಿಂದಿನ ಕೋಣೆಯಲ್ಲಿ. ಒಲೆ ಒಂದೇ ಆದರೆ ಸಂಸಾರವೂ ಒಂದೇ, ಅರ್ಜಿ ವಜಾ. ಗಂಡ ಸತ್ತ ಮೇಲೆ ತನ್ನ ಅಡುಗೆ ಬೇರೆ ಎಂದು ತೋರಿಸಲು, ಪರಿಶೀಲನೆಗೆ ಬಂದ ಕಂದಾಯ ಇಲಾಖೆಯ ತಲಾಠಿ ಬೋರ್ಕರ್ ಸಾಹೇಬರ ಎದುರೇ ಅವಳು ಸ್ಟೌ ಹೊತ್ತಿಸಿ ಚಹಾಕ್ಕಿಟ್ಟಿದ್ದಳು.

ಚಹಾ ಕುದಿಯಿತು, ಡಬ್ಬಿಯಲ್ಲಿ ಸಕ್ಕರೆ ಇರಲಿಲ್ಲ. ಅಷ್ಟರಲ್ಲಿ ಓರಗಿತ್ತಿ ರಮಾ ತನ್ನ ಡಬ್ಬಿ, ಚಮಚೆ ಹಿಡಿದು ಒಳಬಂದಳು. “ಸಾಹೇಬ್ರಿಗೆ ಸಪ್ಪನ ಚಹಾ ಕುಡಸ್ತೀ ಏನ? ನಮ್ಮ ಮರ್ಯಾದಿ ಏನಾಗಬೇಕ? ಆಚೆ ಸರಿ, ಜಲ್ದಿ ಹಾಕ್ತೀನಿ.”

“ಡಬ್ಬಾ ಏಕ್, ಘರ್ ಏಕ್!” ಎನ್ನುತ್ತ, ಡಬ್ಬಿ ಒಂದಾದರೆ ಮನೆಯೂ ಒಂದೇ ಎಂದು ಬರೆಯಲು ಬೋರ್ಕರ್ ಪೆನ್ನಿನ ಮುಚ್ಚಳ ತೆಗೆದರು.

ಚಂಪಾ ಪಾತ್ರೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಆವಿ ಸುಟ್ಟರೂ ತೆಗೆಯಲಿಲ್ಲ. “ಅದು ನಿಮ್ಮ ಮನಿ ಸಕ್ರಿ, ಅಕ್ಕಾ. ಸಾಹೇಬ್ರು ನಿಮ್ಮ ಮನಿಗೆ ಬಂದಾಗ ಹಾಕ್ರಿ. ಈಗ ನನ್ನ ಮನಿಗೆ ಬಂದಾರ.” ಕನ್ನಡ ಬಾರದ ಬೋರ್ಕರರಿಗೂ ಆ ಅಂಗೈ ಅರ್ಥವಾಯಿತು.

ಸೋಸಿದ ಚಹಾವನ್ನು ಅವರ ಕೈಗಿತ್ತು ಅವಳು ಎದುರಿಗೇ ನಿಂತಳು. ಮೊದಲ ಗುಟುಕಿಗೆ ಸಾಹೇಬರ ಮೀಸೆ ಮುದುಡಿತು; ಆದರೂ ಆ ನೋಟದ ಮುಂದೆ ಕಪ್ಪು ಖಾಲಿ ಮಾಡದೆ ವಿಧಿಯಿರಲಿಲ್ಲ. ಬಾಯಿ ಒರೆಸಿಕೊಂಡು, ಒಲೆ ಪ್ರತ್ಯೇಕವೆಂದು ಬರೆದರು. ಜೂನ್‌ನಿಂದ ಚಂಪಾಳಿಗೆ ಅನುದಾನ ಬಂತು.